ಬಕ್ರೀದ್‌ಗೆ ಟಗರು ಮರಿ ಸಾಕಲು ಮನೆಯಲ್ಲೇ ಕೈತಿಂಡಿ: ಜೋಳ, ಹಿಂಡಿ, ಬೂಸಾ ಎಷ್ಟೆಷ್ಟು ಹಾಕಬೇಕು?

ಮಧುಗಿರಿ ಟಗರು

ಎಲ್ಲರಿಗೂ ನಮಸ್ಕಾರ. ನಮ್ಮದು ಮಧುಗಿರಿ ಕಡೆ ಹಳ್ಳಿ. ಅಕ್ಕಿರಾಂಪುರ ಸಂತೆಯಿಂದ 22 ಟಗರು ಮರಿ ತಂದಿದ್ದೇನೆ. ಎಲ್ಲವೂ ನಾಲ್ಕು ತಿಂಗಳ ಆಸುಪಾಸಿನವು, ತೂಕ 14-15 ಕೆಜಿ. ಬಕ್ರೀದ್‌ಗೆ ಇನ್ನೂ ಎಂಟು ತಿಂಗಳಿಗೂ ಜಾಸ್ತಿ ಸಮಯ ಇದೆ, ಆಗ ಮಾರುವ ಯೋಚನೆ. ಬೆಳಿಗ್ಗೆ ಸ್ವಲ್ಪ ಹೊತ್ತು ಬಯಲಿಗೆ ಬಿಡುತ್ತೇವೆ, ಉಳಿದಂತೆ ಕೊಟ್ಟಿಗೆಯಲ್ಲೇ ಮೇವು.

ಅಂಗಡಿ ಫೀಡ್ 50 ಕೆಜಿ ಚೀಲಕ್ಕೆ 1,750 ರೂಪಾಯಿ ಹೇಳುತ್ತಿದ್ದಾರೆ. ಅಷ್ಟು ಕೊಟ್ಟು ತರುವ ಬದಲು ಮನೆಯಲ್ಲೇ ಕಲಸಿಕೊಳ್ಳೋಣ ಅಂತ. ಹೊಲದ ಮುಸುಕಿನ ಜೋಳ ಏಳೆಂಟು ಕ್ವಿಂಟಲ್ ಇದೆ, ಪಕ್ಕದೂರಿನ ಗಾಣದಲ್ಲಿ ಕಡಲೆಕಾಯಿ ಹಿಂಡಿ ಸಿಗುತ್ತದೆ, ಗೋಧಿ ಬೂಸಾ ಅಂಗಡಿಯಲ್ಲಿ ಇದೆ. ಕಡಲೆಕಾಯಿ ಹೊಟ್ಟು ಒಂದು ಬಣವೆ, ರಾಗಿ ಹುಲ್ಲು ಬೇಕಾದಷ್ಟು. ಸದ್ಯಕ್ಕೆ ಜೋಳದ ನುಚ್ಚು ಮತ್ತು ಬೂಸಾ ಅರ್ಧರ್ಧ ಸೇರಿಸಿ ಕೊಡುತ್ತಿದ್ದೇವೆ, ಮರಿಗಳು ಖುಷಿಯಾಗಿ ತಿನ್ನುತ್ತವೆ.

ನನಗೆ ಬೇಕಾಗಿರುವುದು 100 ಕೆಜಿಗೆ ಸರಿಯಾದ ಲೆಕ್ಕ. ಬೇಯಿಸಿ ಕೊಡಬೇಕಾ, ನೆನೆಸಿ ಕೊಡಬೇಕಾ, ಒಣಗಿದ್ದೇ ಸಾಕಾ? ಹಸುವಿಗೆ ಹಾಕುವ ಮಿನರಲ್ ಮಿಕ್ಸ್ಚರ್ ಮನೆಯಲ್ಲಿದೆ, ಅದನ್ನೇ ಹಾಕಬಹುದಾ? ಇನ್ನೊಬ್ಬರು ಸ್ವಲ್ಪ ಯೂರಿಯಾ ಹಾಕಿದರೆ ಬೇಗ ಮೈ ಹಿಡಿಯುತ್ತದೆ ಅಂತಾರೆ, ಅದು ನಿಜವಾ? ಗೊತ್ತಿರುವವರು ದಯವಿಟ್ಟು ಹೇಳಿ.

ಕೆಂಗುರಿ ಕೊಪ್ಪಳ

ನಮಸ್ಕಾರ ಅಣ್ಣಾ. ನಾವು ಇಲ್ಲಿ ಕೆಂಗುರಿ ತಳಿಯ ಟಗರು ಸಾಕುತ್ತೇವೆ, ಅಮೀನಗಡ ಸಂತೆಗೆ ಒಯ್ಯುತ್ತೇವೆ. ಮೊದಲು ನೀವು ಕೇಳಿದ ಲೆಕ್ಕ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಮಾತು.

100 ಕೆಜಿಗೆ ಮೆಕ್ಕೆಜೋಳದ ನುಚ್ಚು 50, ಶೇಂಗಾ ಹಿಂಡಿ 20, ಗೋಧಿ ಬೂಸಾ 17, ತೊಗರಿ ಚುನ್ನಿ (ಬೇಳೆ ಮಾಡುವಾಗ ಉಳಿಯುವ ನುಚ್ಚು, ಸಿಪ್ಪೆ) 10, ಖನಿಜ ಮಿಶ್ರಣ 2, ಉಪ್ಪು 1. ಇದರಲ್ಲಿ ಪ್ರೋಟೀನ್ ಶೇಕಡಾ 17ರ ಹತ್ತಿರ ಬರುತ್ತದೆ, ಬೆಳೆಯುವ ಮರಿಗೆ ಅಷ್ಟು ಬೇಕು. ನೀವು ಈಗ ಕೊಡುತ್ತಿರುವ ಜೋಳ-ಬೂಸಾದಲ್ಲಿ 12 ಬಂದರೆ ಹೆಚ್ಚು. ಹೊಟ್ಟೆ ತುಂಬುತ್ತದೆ, ಆದರೆ ಆ ವಯಸ್ಸಿನಲ್ಲಿ ಎಲುಬು, ಮಾಂಸ ಕಟ್ಟಬೇಕಲ್ವಾ, ಅದಕ್ಕೆ ಹಿಂಡಿ ಬೇಕೇ ಬೇಕು. ತೊಗರಿ ಚುನ್ನಿ ನಿಮ್ಮ ಕಡೆ ಸಿಗದಿದ್ದರೆ ಹೆಸರು ಅಥವಾ ಉದ್ದಿನ ಚುನ್ನಿ ಹಾಕಿ. ಹುರುಳಿ ಅಗ್ಗಕ್ಕೆ ಸಿಕ್ಕರೆ ಒಡೆದು ಹಾಕಿ, ಅದು ತುಂಬಾ ಒಳ್ಳೆಯದು.

ಜೋಳವನ್ನು ಹಿಟ್ಟು ಮಾಡಬೇಡಿ. ಮಿಲ್‌ನಲ್ಲಿ ದಪ್ಪ ನುಚ್ಚು ಒಡೆಸಿ, ಒಂದು ಕಾಳು ಮೂರು ನಾಲ್ಕು ಚೂರಾದರೆ ಸಾಕು. ಹಿಟ್ಟಾದರೆ ಹೊಟ್ಟೆಯಲ್ಲಿ ಬೇಗ ಹುಳಿಯಾಗುತ್ತದೆ, ಮೂಗಿಗೆ ಧೂಳು ಹೋಗಿ ಕೆಮ್ಮು ಬೇರೆ. ಬೇಯಿಸುವ ಕೆಲಸ ಬೇಡ, ಸುಮ್ನೆ ಸೌದೆ ಖರ್ಚು. ಗಾಣದ ಹಿಂಡಿ ಗಟ್ಟಿ ಹಲ್ಲೆಯಾಗಿ ಬಂದರೆ ಕುಟ್ಟಿ ಪುಡಿ ಮಾಡಿ. ಧೂಳು ಏಳದ ಹಾಗೆ ಕೊಡುವ ಹೊತ್ತಿಗೆ ಸ್ವಲ್ಪ ನೀರು ಚಿಮುಕಿಸಿದರೆ ಸಾಕು. ಚಿಮುಕಿಸಿದ್ದನ್ನು ಆಗಲೇ ತಿಂದು ಮುಗಿಸಬೇಕು, ಸಂಜೆಗೆ ಉಳಿಸಬೇಡಿ.

ಕಲಸುವುದರಲ್ಲಿ ಜನ ಅವಸರ ಮಾಡುತ್ತಾರೆ. ಉಪ್ಪು, ಖನಿಜ ಮಿಶ್ರಣ ಇವೆರಡನ್ನೂ ಸೀದಾ ರಾಶಿ ಮೇಲೆ ಸುರಿದು ಸಲಿಕೆ ಆಡಿಸಿದರೆ ಒಂದು ಮರಿಗೆ ಮುಷ್ಟಿಗಟ್ಟಲೆ ಹೋಗುತ್ತದೆ, ಇನ್ನೊಂದಕ್ಕೆ ಏನೂ ಸಿಗುವುದಿಲ್ಲ. ಮೊದಲು ಐದು ಕೆಜಿ ಬೂಸಾದಲ್ಲಿ ಕೈಯಿಂದ ಚೆನ್ನಾಗಿ ಬೆರೆಸಿಕೊಳ್ಳಿ. ಆಮೇಲೆ ತಾಡಪಾಲಿನ ಮೇಲೆ ಜೋಳ ಹರಡಿ, ಅದರ ಮೇಲೆ ಹಿಂಡಿ, ಮೇಲೆ ಚುನ್ನಿ, ಉಳಿದ ಬೂಸಾ, ಕೊನೆಗೆ ಈ ಬೆರೆಸಿದ ಬೂಸಾ. ರಾಶಿಯನ್ನು ಈ ಕಡೆಯಿಂದ ಆ ಕಡೆಗೆ ನಾಲ್ಕು ಸಲ ತಿರುವಿ ಹಾಕಿ. ಹದಿನೈದು ದಿನಕ್ಕೆ ಆಗುವಷ್ಟು ಮಾತ್ರ ಕಲಸಿ. ಗಾಣದ ಹಿಂಡಿಯಲ್ಲಿ ಎಣ್ಣೆ ಉಳಿದಿರುತ್ತದೆ, ಜಾಸ್ತಿ ದಿನ ಇಟ್ಟರೆ ಕನರು ವಾಸನೆ ಬರುತ್ತದೆ, ಮರಿ ಮೂಸಿ ನೋಡಿ ಹಿಂದೆ ಸರಿಯುತ್ತದೆ.

ಇನ್ನು ಬೂಷ್ಟು ಹಿಡಿದ ಹಿಂಡಿ, ಬೂಷ್ಟು ಹಿಡಿದ ಜೋಳ ಯಾವ ಕಾರಣಕ್ಕೂ ಬೇಡ. ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆ, ಹುರಿದರೆ ಸರಿಹೋಗುತ್ತದೆ ಅಂತ ಹೇಳುತ್ತಾರೆ. ಬೂಷ್ಟು ಉದುರಬಹುದು, ಅದು ಬಿಟ್ಟ ವಿಷ ಒಳಗೇ ಇರುತ್ತದೆ. ಅಫ್ಲಾಟಾಕ್ಸಿನ್ ಅಂತಾರೆ ಅದಕ್ಕೆ, ಯಕೃತ್ತಿಗೆ ಪೆಟ್ಟು. ನಿಮ್ಮ ಜೋಳ ಚೆನ್ನಾಗಿ ಒಣಗಿದೆಯಾ ಅಂತ ಹಲ್ಲಿನಲ್ಲಿ ಕಚ್ಚಿ ನೋಡಿ. ಟಕ್ ಅಂತ ಒಡೆಯಬೇಕು.

ಹಿರಿಯೂರು ಲೆಕ್ಕ

ಕೊಪ್ಪಳದ ಅಣ್ಣನ ಮಿಶ್ರಣ ಚೆನ್ನಾಗಿದೆ. ನಾನು ದುಡ್ಡಿನ ವಿಷಯ ಹೇಳುತ್ತೇನೆ, ಯಾಕಂದರೆ ಮನೆಯಲ್ಲಿ ಕಲಸಿದರೆ ಅರ್ಧಕ್ಕರ್ಧ ಉಳಿಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ.

ನಮ್ಮ ಕಡೆಯ ಈಗಿನ ದರ ಹಿಡಿಯೋಣ. ಜೋಳ ಕೆಜಿಗೆ 24, ಕಡಲೆಕಾಯಿ ಹಿಂಡಿ 48, ಬೂಸಾ 26, ಚುನ್ನಿ 22, ಖನಿಜ ಮಿಶ್ರಣ 100, ಉಪ್ಪು 10. ಮೇಲಿನ ಲೆಕ್ಕದಲ್ಲಿ 100 ಕೆಜಿಗೆ ಜೋಳ 1,200, ಹಿಂಡಿ 960, ಬೂಸಾ 442, ಚುನ್ನಿ 220, ಖನಿಜ 200, ಉಪ್ಪು 10. ಒಟ್ಟು 3,032. ನುಚ್ಚು ಒಡೆಸುವುದು, ಆಟೋ ಬಾಡಿಗೆ ಅಂತ ಕೆಜಿಗೆ ಎರಡು ರೂಪಾಯಿ ಸೇರಿಸಿ. ಕೆಜಿಗೆ 32 ರೂಪಾಯಿ ದಾಟಿತು. ನಿಮ್ಮ ಚೀಲದ ಫೀಡ್ 35. ವ್ಯತ್ಯಾಸ ಮೂರು ರೂಪಾಯಿಯೂ ಇಲ್ಲ. ಹೊಲದ ಜೋಳ ಬಿಟ್ಟಿ ಅಂದುಕೊಳ್ಳಬೇಡಿ, ಅದನ್ನು ಮಂಡಿಗೆ ಹಾಕಿದ್ದರೆ ದುಡ್ಡು ಬರುತ್ತಿತ್ತು.

ಕೊನೆಯ 100 ದಿನ ಗಟ್ಟಿಯಾಗಿ ಕೊಡುತ್ತೀರಿ ಅಂದುಕೊಳ್ಳಿ, ಒಂದು ಮರಿಗೆ ಸರಾಸರಿ 400 ಗ್ರಾಂ, 22 ಮರಿಗೆ ಒಟ್ಟು 880 ಕೆಜಿ. ಉಳಿಯುವುದು ಎರಡೂವರೆ ಸಾವಿರದ ಒಳಗೆ. ಒಂದು ಮರಿ ಸತ್ತರೆ ಅದರ ನಾಲ್ಕು ಪಟ್ಟು ಹೋಗುತ್ತದೆ. ಹಾಗಾಗಿ ಮನೆಯ ಮಿಶ್ರಣದ ಲಾಭ ಇರುವುದು ಕೆಜಿ ದರದಲ್ಲಿ ಅಲ್ಲ. ಏನು ಹಾಕಿದ್ದೇವೆ ಅಂತ ನಮಗೆ ಗೊತ್ತಿರುತ್ತದೆ, ಹಸಿ ಸೊಪ್ಪು ಚೆನ್ನಾಗಿ ಸಿಕ್ಕ ದಿನ ಹಿಂಡಿ ಕಡಿಮೆ ಮಾಡಬಹುದು, ಒಂದರ ದರ ಏರಿದರೆ ಇನ್ನೊಂದಕ್ಕೆ ಹೋಗಬಹುದು. ಚೀಲದ ಫೀಡ್‌ನಲ್ಲಿ ಆ ಹಿಡಿತ ಇರುವುದಿಲ್ಲ.

ದರ ಬದಲಾದಾಗ ಪಾಲು ಹೇಗೆ ಬದಲಿಸುವುದು ಅಂದರೆ, ಸುಲಭದ ಲೆಕ್ಕ ಒಂದಿದೆ. ಜೋಳದಲ್ಲಿ ಪ್ರೋಟೀನ್ ಶೇಕಡಾ 9, ಕಡಲೆಕಾಯಿ ಹಿಂಡಿಯಲ್ಲಿ 42 ಅಂತ ಹಿಡಿಯಿರಿ. ನಮಗೆ ಬೇಕಿರುವುದು 17. ಬೇಕಾದ್ದರಲ್ಲಿ ಜೋಳದ್ದನ್ನು ಕಳೆಯಿರಿ, 17ರಲ್ಲಿ 9 ಹೋದರೆ 8, ಅಷ್ಟು ಪಾಲು ಹಿಂಡಿ. ಹಿಂಡಿಯದ್ದರಲ್ಲಿ ಬೇಕಾದ್ದನ್ನು ಕಳೆಯಿರಿ, 42ರಲ್ಲಿ 17 ಹೋದರೆ 25, ಅಷ್ಟು ಪಾಲು ಜೋಳ. ಅಂದರೆ ಇವೆರಡನ್ನೇ ಬೆರೆಸಿದರೆ 25 ಕೆಜಿ ಜೋಳಕ್ಕೆ 8 ಕೆಜಿ ಹಿಂಡಿ. ಹತ್ತಿಕಾಳು ಹಿಂಡಿ ಹಾಕುವುದಾದರೆ ಅದರಲ್ಲಿ ಪ್ರೋಟೀನ್ ಸುಮಾರು 22 ಮಾತ್ರ, ಹಾಗಾಗಿ ಜಾಸ್ತಿ ಬೇಕಾಗುತ್ತದೆ. ಬರೀ ಕೆಜಿ ದರ ನೋಡಿ ಅಗ್ಗ ಅಂತ ತರಬೇಡಿ, ಪ್ರೋಟೀನ್ ಎಷ್ಟು ಅಂತ ನೋಡಿ ಅದರ ಮೇಲೆ ದರ ಲೆಕ್ಕ ಹಾಕಿ. ಹಾಗೆ ನೋಡಿದರೆ 48 ರೂಪಾಯಿಯ ಕಡಲೆಕಾಯಿ ಹಿಂಡಿಯೇ ಎಷ್ಟೋ ಸಲ ಅಗ್ಗ ಬೀಳುತ್ತದೆ.

ಮಧುಗಿರಿ ಟಗರು

ಇಬ್ಬರಿಗೂ ತುಂಬಾ ಧನ್ಯವಾದ. ಲೆಕ್ಕ ಚೆನ್ನಾಗಿ ಅರ್ಥ ಆಯಿತು. ಹಿಂಡಿ ತರಲು ನಾಳೆಯೇ ಹೋಗುತ್ತೇನೆ.

ಆದರೆ ಈಗ ಒಂದು ಗಾಬರಿ. ಇವತ್ತು ಮಧ್ಯಾಹ್ನದಿಂದ ಎರಡು ಮರಿ ಮೇವು ಮುಟ್ಟಿಲ್ಲ. ಬೆನ್ನು ಬಾಗಿಸಿ, ಹಿಂಗಾಲು ಅಗಲಿಸಿ ನಿಲ್ಲುತ್ತವೆ, ಬಾಲ ಪದೇ ಪದೇ ಅಲ್ಲಾಡಿಸುತ್ತವೆ, ಮುಕ್ಕರಿಯುತ್ತವೆ. ಮಲಬದ್ಧತೆ ಅಂತ ನಮ್ಮ ತಂದೆ ಎಣ್ಣೆ ಕುಡಿಸೋಣ ಅಂತಿದ್ದಾರೆ. ಒಂದರ ಹೊಟ್ಟೆಯ ಕೆಳಗಿನ ಕೂದಲಲ್ಲಿ ಬಿಳಿ ಮರಳಿನ ಥರ ಏನೋ ಅಂಟಿಕೊಂಡಿದೆ. ಏನಿದು?

ಪಶುವೈದ್ಯೆ ಹಾಸನ

ಎಣ್ಣೆ ಕುಡಿಸಬೇಡಿ. ಇದು ಮಲಬದ್ಧತೆ ಅಲ್ಲ. ನೀವು ಹೇಳಿದ ಎಲ್ಲ ಲಕ್ಷಣ ಮೂತ್ರ ಕಟ್ಟಿರುವುದರದ್ದು, ಆ ಬಿಳಿ ಮರಳು ಮೂತ್ರದಲ್ಲಿ ಬರುವ ಹರಳು. ನೀರು ಬಲವಂತವಾಗಿ ಕುಡಿಸುವುದೂ ಬೇಡ, ಹೊರಗೆ ದಾರಿ ಇಲ್ಲದಾಗ ನೀರು ತುಂಬಿಸಿದರೆ ಮೂತ್ರಕೋಶ ಒಡೆಯಬಹುದು. ಜೋಳ, ಬೂಸಾ ಎಲ್ಲ ಮರಿಗಳಿಗೂ ಇವತ್ತೇ ನಿಲ್ಲಿಸಿ, ಬರೀ ಹೊಟ್ಟು, ಹುಲ್ಲು, ಸೊಪ್ಪು ಕೊಡಿ. ಆ ಎರಡನ್ನು ತಕ್ಷಣ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬೆಳಗಿನ ತನಕ ಕಾಯಬೇಡಿ. ಟಗರಿನ ಮೂತ್ರನಾಳದ ತುದಿಯಲ್ಲಿ ದಾರದಂಥ ಸಣ್ಣ ಭಾಗ ಇರುತ್ತದೆ, ಎಷ್ಟೋ ಸಲ ಕಲ್ಲು ಅಲ್ಲೇ ಸಿಕ್ಕಿಕೊಂಡಿರುತ್ತದೆ. ವೈದ್ಯರು ಅದನ್ನು ಕತ್ತರಿಸಿದರೆ ಮೂತ್ರ ಬಿಡುತ್ತದೆ. ಮೇಲೆ ಸಿಕ್ಕಿಕೊಂಡಿದ್ದರೆ ಕಷ್ಟ, ಅದಕ್ಕೇ ಬೇಗ ಹೋಗಿ ಅನ್ನುತ್ತಿರುವುದು.

ಯಾಕೆ ಬಂತು ಅಂತ ಎಲ್ಲರೂ ತಿಳಿದುಕೊಳ್ಳಬೇಕು, ಟಗರು ಸಾಕುವವರಿಗೆ ಇದು ತುಂಬಾ ಮುಖ್ಯ. ಗೋಧಿ ಬೂಸಾದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ಅದರ ಹತ್ತನೇ ಒಂದು ಪಾಲಿನಷ್ಟು. ಜೋಳದಲ್ಲೂ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕುರಿಗೆ ಬೇಕಾಗಿರುವುದು ಇದರ ಉಲ್ಟಾ, ರಂಜಕ ಒಂದು ಪಾಲು ಇದ್ದರೆ ಕ್ಯಾಲ್ಸಿಯಂ ಎರಡು ಪಾಲು. ರಂಜಕ ಜಾಸ್ತಿಯಾದಾಗ ಅದು ಮೂತ್ರದಲ್ಲಿ ಹರಳು ಕಟ್ಟುತ್ತದೆ. ಹೆಣ್ಣು ಕುರಿಯಲ್ಲಿ ದಾರಿ ಚಿಕ್ಕದು, ಅಗಲ, ಹರಳು ಹೊರಗೆ ಹೋಗುತ್ತದೆ. ಟಗರಿನಲ್ಲಿ ದಾರಿ ಉದ್ದ, ಕಿರಿದು, ತಿರುವು ಬೇರೆ. ತುಂಬಾ ಚಿಕ್ಕ ವಯಸ್ಸಿನಲ್ಲಿ ಬೀಜ ಒಡೆಸಿದ ಮರಿಗಳಲ್ಲಿ ಆ ದಾರಿ ಅಗಲವಾಗಿ ಬೆಳೆಯುವುದೇ ಇಲ್ಲ, ಅವುಗಳಿಗೆ ಇನ್ನೂ ಅಪಾಯ.

ಮೇಲೆ ಹೇಳಿರುವ ಮಿಶ್ರಣಕ್ಕೆ ನನ್ನ ಬದಲಾವಣೆ ಇಷ್ಟೇ. ಬೂಸಾ 17ರಿಂದ 15ಕ್ಕೆ ಇಳಿಸಿ, ಆ ಎರಡು ಕೆಜಿ ಜಾಗಕ್ಕೆ ಒಂದು ಕೆಜಿ ಸುಣ್ಣಕಲ್ಲಿನ ಪುಡಿ, ಒಂದು ಕೆಜಿ ಅಮೋನಿಯಂ ಕ್ಲೋರೈಡ್ ಹಾಕಿ. ಸುಣ್ಣಕಲ್ಲಿನ ಪುಡಿ ಅಂದರೆ ಫೀಡ್‌ಗೆ ಹಾಕುವ ಕ್ಯಾಲ್ಸಿಯಂ ಕಾರ್ಬೋನೇಟ್, ಗೋಡೆಗೆ ಬಳಿಯುವ ಸುಣ್ಣ ಅಲ್ಲ. ಅಮೋನಿಯಂ ಕ್ಲೋರೈಡ್ ಮೂತ್ರವನ್ನು ಸ್ವಲ್ಪ ಹುಳಿಯಾಗಿಸುತ್ತದೆ, ಆಗ ಈ ಹರಳು ಕಟ್ಟುವುದಿಲ್ಲ. ನಿಮ್ಮ ವೈದ್ಯರ ಹತ್ತಿರ ಮಾತಾಡಿ ಶುರು ಮಾಡಿ. ಕೆಲವರು ಹೊಟ್ಟೆ ಹುಳಿಯಾಗದಿರಲಿ ಅಂತ ಅಡುಗೆ ಸೋಡಾವನ್ನೂ ಪ್ರತಿ ದಿನ ಅದೇ ತಿಂಡಿಗೆ ಹಾಕುತ್ತಾರೆ. ಸೋಡಾ ಮೂತ್ರವನ್ನು ಮತ್ತೆ ಕ್ಷಾರ ಮಾಡುತ್ತದೆ, ಹಾಕಿದ ಅಮೋನಿಯಂ ಕ್ಲೋರೈಡ್ ದಂಡ. ಎರಡೂ ಒಟ್ಟಿಗೆ ಬೇಡ.

ಉಪ್ಪು ಬಿಡಬೇಡಿ, ಉಪ್ಪು ತಿಂದರೆ ನೀರು ಕುಡಿಯುತ್ತವೆ. ನೀರಿನ ತೊಟ್ಟಿ ದಿನಾ ತೊಳೆಯಿರಿ. ಪಾಚಿ ಕಟ್ಟಿದ ನೀರನ್ನು ಕುರಿ ಕುಡಿಯುವುದಿಲ್ಲ, ಚಳಿಗಾಲದಲ್ಲಂತೂ ಅರ್ಧ ಕುಡಿದು ಬಿಟ್ಟುಬಿಡುತ್ತದೆ. ನಿಮ್ಮ ಹತ್ತಿರ ಇರುವ ಕಡಲೆಕಾಯಿ ಹೊಟ್ಟಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಅದನ್ನು ದಿನಾ ಕೊಡಿ.

ಹಸುವಿನ ಖನಿಜ ಮಿಶ್ರಣ ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ. ಅದರಲ್ಲಿ ತಾಮ್ರ ಹಸುವಿನ ಲೆಕ್ಕಕ್ಕೆ ಇರುತ್ತದೆ. ಕುರಿಯ ದೇಹ ತಾಮ್ರವನ್ನು ಹೊರಗೆ ಹಾಕುವುದು ತುಂಬಾ ನಿಧಾನ, ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸೇರುತ್ತಾ ಹೋಗುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಕಣ್ಣು ಹಳದಿಯಾಗಿ, ಮೂತ್ರ ಕಪ್ಪುಗೆಂಪಾಗಿ ಬಿದ್ದುಬಿಡುತ್ತದೆ, ಆಗ ಉಳಿಸುವುದು ಕಷ್ಟ. ಕುರಿ-ಮೇಕೆಗೆ ಅಂತಲೇ ಇರುವ ಮಿಶ್ರಣ ತನ್ನಿ. ಕೋಳಿ, ಹಂದಿಯ ಫೀಡ್ ಉಳಿದಿದೆ ಅಂತ ಕುರಿಗೆ ಹಾಕುವುದೂ ಇದೇ ಕಾರಣಕ್ಕೆ ಬೇಡ.

ಮಧುಗಿರಿ ಟಗರು

ಮೇಡಂ, ನಿಮ್ಮ ಮಾತು ಓದಿದ ತಕ್ಷಣ ಎರಡನ್ನೂ ಆಟೋದಲ್ಲಿ ಹಾಕಿಕೊಂಡು ಹೋದೆವು. ವೈದ್ಯರು ನೀವು ಹೇಳಿದ ಹಾಗೆಯೇ ತುದಿ ಕತ್ತರಿಸಿದರು. ಒಂದು ಅಲ್ಲೇ ಮೂತ್ರ ಬಿಟ್ಟಿತು, ಮನೆಗೆ ಬಂದು ಹುಲ್ಲು ಕಚ್ಚಿದೆ. ಇನ್ನೊಂದು ಹನಿ ಹನಿ ಬಿಡುತ್ತಿದೆ, ಇಂಜೆಕ್ಷನ್ ಕೊಟ್ಟಿದ್ದಾರೆ, ನಾಳೆ ಮತ್ತೆ ಬರಲು ಹೇಳಿದ್ದಾರೆ. ಉಳಿದ ಇಪ್ಪತ್ತಕ್ಕೂ ಜೋಳ, ಬೂಸಾ ನಿಲ್ಲಿಸಿದ್ದೇವೆ. ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಹೊಸ ಮಿಶ್ರಣ ಶುರು ಮಾಡುವಾಗ ದಿನಕ್ಕೆ ಎಷ್ಟರಿಂದ ಶುರು ಮಾಡಬೇಕು? ಎಂಟು ತಿಂಗಳೂ ಒಂದೇ ಪ್ರಮಾಣ ಕೊಡಬೇಕಾ?

ಕೆಂಗುರಿ ಕೊಪ್ಪಳ

ಮರಿ ಉಳಿದದ್ದು ಕೇಳಿ ಸಮಾಧಾನ ಆಯಿತು ಅಣ್ಣಾ.

ಎಂಟು ತಿಂಗಳೂ ಜೋರಾಗಿ ತಿಂಡಿ ಕೊಡುವ ಅಗತ್ಯ ಇಲ್ಲ, ಇದನ್ನೇ ನಾನು ಆಮೇಲೆ ಹೇಳುತ್ತೇನೆ ಅಂದಿದ್ದು. ಕುರ್ಬಾನಿಗೆ ಕೊಳ್ಳುವವರು ಮೊದಲು ಬಾಯಿ ತೆರೆದು ಹಲ್ಲು ನೋಡುತ್ತಾರೆ, ವರ್ಷ ತುಂಬಿರಬೇಕು. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ದರೆ ಮಾತೇ ಇಲ್ಲ. ಆಮೇಲೆ ಕೊಂಬು, ಕಿವಿ, ಕಾಲು ನೋಡುತ್ತಾರೆ. ಕೊಂಬು ಮುರಿದಿದ್ದರೆ, ಕುಂಟಿದರೆ, ಎಷ್ಟು ತೂಕ ಇದ್ದರೂ ಆ ಹಬ್ಬಕ್ಕೆ ಬೆಲೆ ಬರುವುದಿಲ್ಲ. ಹಾಗಾಗಿ ಮೊದಲ ಐದು ತಿಂಗಳು ಚೌಕಟ್ಟು ಬೆಳೆಸಿ, ಅಂದರೆ ಸೊಪ್ಪು, ಹೊಟ್ಟು, ಬಯಲಿನ ಮೇವು, ಜೊತೆಗೆ 100-150 ಗ್ರಾಂ ತಿಂಡಿ ಸಾಕು. ಕೊನೆಯ ಮೂರು ತಿಂಗಳು ಮೈ ತುಂಬಿಸಿ. ಮೊದಲಿಂದಲೇ ಜೋಳ ಸುರಿದರೆ ಎಲುಬು ಬೆಳೆಯುವ ಮೊದಲೇ ಕೊಬ್ಬು ಕಟ್ಟುತ್ತದೆ, ಗಿಡ್ಡ ಟಗರಾಗಿ ಉಳಿಯುತ್ತದೆ, ನಿಮ್ಮ ತಿಂಡಿ ಖರ್ಚೂ ಎರಡರಷ್ಟಾಗುತ್ತದೆ.

ಶುರು ಮಾಡುವುದು ದಿನಕ್ಕೆ 50 ಗ್ರಾಂನಿಂದ. ಮೂರು ದಿನಕ್ಕೊಮ್ಮೆ 50 ಗ್ರಾಂ ಏರಿಸಿ. ಸಗಣಿ... ಅಂದರೆ ಹಿಕ್ಕೆ ನೋಡುತ್ತಾ ಇರಿ. ಗುಂಡಾಗಿದ್ದರೆ ಏರಿಸಿ, ಮೆತ್ತಗಾದರೆ ಅಲ್ಲೇ ನಿಲ್ಲಿಸಿ. ಕೊನೆಯ ಹಂತದಲ್ಲೂ ದೇಹದ ತೂಕದ ಶೇಕಡಾ ಒಂದೂವರೆಯಷ್ಟು ತಿಂಡಿ ಸಾಕು. 20 ಕೆಜಿ ಮರಿಗೆ 300 ಗ್ರಾಂ, 30 ಕೆಜಿಗೆ 450 ಗ್ರಾಂ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಖಾಲಿ ಹೊಟ್ಟೆಗೆ ತಿಂಡಿ ಇಡಬೇಡಿ, ಮೊದಲು ಹೊಟ್ಟು ತಿನ್ನಲಿ. ಗೋದಲಿ ಉದ್ದ ಇರಲಿ, ಎಲ್ಲ ಒಟ್ಟಿಗೆ ಬಾಯಿ ಹಾಕುವಂತಿರಬೇಕು. ಇಲ್ಲದಿದ್ದರೆ ಜೋರಿನ ನಾಲ್ಕು ಟಗರು ಎರಡು ಪಾಲು ತಿಂದು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ, ಬಡ ಮರಿ ಹಾಗೇ ಉಳಿಯುತ್ತದೆ. ನಾವು ದೊಡ್ಡವು, ಚಿಕ್ಕವು ಬೇರೆ ಬೇರೆ ಕಟ್ಟುತ್ತೇವೆ.

ನಾಟಿ ಮರಿ ಚೆನ್ನಾಗಿ ನೋಡಿಕೊಂಡರೆ ದಿನಕ್ಕೆ 100 ಗ್ರಾಂ ಆಸುಪಾಸು ತೂಕ ಏರುತ್ತದೆ. ದಿನಕ್ಕೆ ಕಾಲು ಕೆಜಿ ಏರುತ್ತದೆ ಅಂತ ಯಾರಾದರೂ ಆಸೆ ತೋರಿಸಿದರೆ ನಂಬಬೇಡಿ, ನಮ್ಮ ತಳಿಗಳಲ್ಲಿ ಅದು ಆಗುವ ಮಾತಲ್ಲ. ಹಬ್ಬದ ಹೊತ್ತಿಗೆ ನಿಮ್ಮವು 33-35 ಕೆಜಿ ಬಂದರೆ ಒಳ್ಳೆಯ ಸಾಕಣೆ. ಇನ್ನೊಂದು ನೆನಪಿಡಿ, ಬಕ್ರೀದ್ ಪ್ರತಿ ವರ್ಷ 10-11 ದಿನ ಮೊದಲೇ ಬರುತ್ತದೆ. ಮುಂದಿನ ಸಲ ಮರಿ ಕೊಳ್ಳುವಾಗ ಅದನ್ನು ಹಿಡಿದು ಹಿಂದಕ್ಕೆ ಲೆಕ್ಕ ಹಾಕಿ.

ಕೋಲಾರದ ರೇಷ್ಮೆ ಮನೆ

ಹಿರಿಯೂರಿನ ಅಣ್ಣ ಉಳಿತಾಯ ಇಲ್ಲ ಅಂದರು, ಅದು ಎಲ್ಲ ಅಂಗಡಿಯಿಂದ ತಂದರೆ ಮಾತ್ರ ನಿಜ. ಉಳಿತಾಯ ಇರುವುದು ಸೊಪ್ಪಿನಲ್ಲಿ. ನಮ್ಮ ಮನೆಯಲ್ಲಿ ಹಿಪ್ಪುನೇರಳೆ ಇದೆ, ರೇಷ್ಮೆ ಹುಳ ಜ್ವರಕ್ಕೆ ಹೋದಾಗ, ಅಂದರೆ ಪೊರೆ ಕಳಚಲು ತಿನ್ನುವುದು ನಿಲ್ಲಿಸಿದಾಗ, ಮತ್ತೆ ಹಣ್ಣಾಗಿ ಗೂಡು ಕಟ್ಟಲು ಶುರು ಮಾಡಿದ ಮೇಲೆ ಸೊಪ್ಪು ಉಳಿಯುತ್ತದೆ, ಅದೆಲ್ಲ ಕುರಿಗೆ. ಒಣ ತೂಕದ ಲೆಕ್ಕದಲ್ಲಿ ಹಿಪ್ಪುನೇರಳೆ ಸೊಪ್ಪಿನಲ್ಲಿ ಪ್ರೋಟೀನ್ ಶೇಕಡಾ 20ರ ಹತ್ತಿರ, ಕ್ಯಾಲ್ಸಿಯಂ ಕೂಡ ಚೆನ್ನಾಗಿದೆ. ಅದನ್ನು ಕೊಡುವ ದಿನ ನಾವು ಹಿಂಡಿ ಮೂರನೇ ಒಂದು ಪಾಲು ಕಡಿಮೆ ಹಾಕುತ್ತೇವೆ, ಮರಿ ಇಳಿದದ್ದಿಲ್ಲ.

ಒಂದು ಎಚ್ಚರ ಬೇಕು. ತೋಟಕ್ಕೆ ಔಷಧಿ ಹೊಡೆದು ಎಷ್ಟು ದಿನ ಆಯಿತು ಅಂತ ಕೇಳದೆ ಬೇರೆಯವರ ಸೊಪ್ಪು ತರಬೇಡಿ. ಹುಳದ ಹಾಸಿಗೆಯಲ್ಲಿ ಉಳಿದ ಸೊಪ್ಪೂ ಬೇಡ, ಅದಕ್ಕೆ ಸುಣ್ಣ, ಸೋಂಕು ನಿವಾರಕ ಪುಡಿ ಎಲ್ಲ ಹಾಕಿರುತ್ತಾರೆ.

ಹಿಪ್ಪುನೇರಳೆ ಇಲ್ಲದಿದ್ದರೆ ಬೇಲಿ ಮೆಂತೆ ಹಾಕಿ. ಒಮ್ಮೆ ಬಿತ್ತಿದರೆ ಮೂರು ನಾಲ್ಕು ವರ್ಷ ಕೊಯ್ಯುತ್ತಲೇ ಇರಬಹುದು. ಹೊಲದ ಬದುವಿನ ಮೇಲೆ ಸುಬಾಬುಲ್, ಅಗಸೆ ಮರ ನೆಡಿ. ಸುಬಾಬುಲ್ ತುಂಬಾ ಶಕ್ತಿಯ ಸೊಪ್ಪು, ಆದರೆ ಒಟ್ಟು ಮೇವಿನಲ್ಲಿ ಮೂರನೇ ಒಂದು ಪಾಲು ದಾಟಬಾರದು, ದಾಟಿದರೆ ಉಣ್ಣೆ ಉದುರಬಹುದು. ಎಲ್ಲ ಸೊಪ್ಪನ್ನೂ ಕೊಯ್ದು ಅರ್ಧ ದಿನ ಬಾಡಿಸಿ ಕೊಡಿ, ಕಟ್ಟಿ ನೇತುಹಾಕಿ. ಕುರಿ ಕಾಲಲ್ಲಿ ತುಳಿದ ಸೊಪ್ಪನ್ನು ಮತ್ತೆ ಮುಟ್ಟುವುದಿಲ್ಲ.

20 ಕೆಜಿ ಮರಿಗೆ ನಾವು ಕೊಡುವುದು 300 ಗ್ರಾಂ ತಿಂಡಿ, ಒಂದೂವರೆ ಕೆಜಿ ಹಸಿ ಸೊಪ್ಪು, 200 ಗ್ರಾಂ ಒಣ ಹೊಟ್ಟು. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಒಂದೂವರೆ ಕೆಜಿ ನೋಡಲು ರಾಶಿ ಅನ್ನಿಸುತ್ತದೆ, ಅಷ್ಟೂ ಬೇಕು.

ಹಿರಿಯೂರು ಲೆಕ್ಕ

ಕೋಲಾರದ ಅಕ್ಕ ಹೇಳಿದ್ದನ್ನು ಲೆಕ್ಕಕ್ಕೆ ತಂದರೆ, ಹಿಂಡಿ 20 ಕೆಜಿಯಿಂದ 13ಕ್ಕೆ ಇಳಿದು ಆ ಏಳು ಕೆಜಿ ಜಾಗಕ್ಕೆ ಜೋಳ ಬಂದರೆ 100 ಕೆಜಿಗೆ 168 ರೂಪಾಯಿ ಉಳಿಯುತ್ತದೆ. ಸೊಪ್ಪು ಇದ್ದಾಗ ಒಟ್ಟು ತಿಂಡಿಯೇ ಕಡಿಮೆ ಸಾಕಾಗುತ್ತದಲ್ಲ, ದೊಡ್ಡ ಉಳಿತಾಯ ಅದು. ನನ್ನ ಮೊದಲ ಲೆಕ್ಕಕ್ಕೆ ಇದನ್ನು ಸೇರಿಸಿಕೊಳ್ಳಿ. ಮೇಡಂ ಹೇಳಿದ ಅಮೋನಿಯಂ ಕ್ಲೋರೈಡ್, ಸುಣ್ಣಕಲ್ಲಿನ ಪುಡಿಗೆ ಕೆಜಿ ತಿಂಡಿಯ ಮೇಲೆ ಒಂದು ರೂಪಾಯಿಯೂ ಬೀಳುವುದಿಲ್ಲ, ಅದನ್ನು ಯಾವತ್ತೂ ಬಿಡಬೇಡಿ.

ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇದೆ. ಯಾವ ಪ್ರದೇಶದ ಮೇವಿನಲ್ಲಿ ಯಾವ ಖನಿಜ ಕಡಿಮೆ ಅಂತ ನೋಡಿ ಅದಕ್ಕೆ ತಕ್ಕ ಖನಿಜ ಮಿಶ್ರಣ ಮಾಡಿರುವವರು ಅವರು. ಬೆಂಗಳೂರಿಗೆ ಹೋದಾಗ ಅಲ್ಲಿ ವಿಚಾರಿಸಿ.

ಮಧುಗಿರಿ ಟಗರು

ಎರಡನೇ ಮರಿಯೂ ಈಗ ಪರವಾಗಿಲ್ಲ, ಮೇವು ತಿನ್ನುತ್ತಿದೆ. ಬದುವಿಗೆ ಅಗಸೆ ಮರದ ಬೀಜ ಹಾಕಲು ಮನೆಯವರೆಲ್ಲ ಒಪ್ಪಿದ್ದಾರೆ. ಯೂರಿಯಾ ವಿಷಯ ಯಾರೂ ಹೇಳಲಿಲ್ಲ. ಮತ್ತೆ ಊರಲ್ಲಿ ಮದುವೆ ಇದೆ, ಉಳಿದ ಅನ್ನ ತಂದು ಹಾಕಿ ಅಂತ ಕರೆದಿದ್ದಾರೆ, ಹಾಕಬಹುದಾ?

ಪಶುವೈದ್ಯೆ ಹಾಸನ

ಎರಡೂ ಬೇಡ.

ಯೂರಿಯಾವನ್ನು ಹುಲ್ಲು ಉಪಚಾರ ಮಾಡಲು ಬಳಸುವ ಪದ್ಧತಿ ಇದೆ, ಅದು ದೊಡ್ಡ ದನಗಳಿಗೆ, ಅಳತೆ ಹಿಡಿದು, ದಿನಗಟ್ಟಲೆ ಮುಚ್ಚಿಟ್ಟು ಮಾಡುವ ಕೆಲಸ. ನಾಲ್ಕು ತಿಂಗಳ ಮರಿಗೆ ತಿಂಡಿಯಲ್ಲಿ ಕಲಸಿ ಕೊಡುವುದು ಬೇರೆ. ಸಲಿಕೆಯಲ್ಲಿ ಕಲಸಿದ ರಾಶಿಯಲ್ಲಿ ಎಲ್ಲೋ ಒಂದು ಕಡೆ ಗಂಟು ಉಳಿಯುತ್ತದೆ, ಅದು ಸಿಕ್ಕ ಮರಿಗೆ ಹೊಟ್ಟೆ ಉಬ್ಬುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ನಡುಗುತ್ತದೆ, ವೈದ್ಯರು ಬರುವಷ್ಟರಲ್ಲಿ ಸತ್ತಿರುತ್ತದೆ. ನಿಮ್ಮ ಊರಲ್ಲೇ ಕಡಲೆಕಾಯಿ ಹಿಂಡಿ ಸಿಗುವಾಗ ಯೂರಿಯಾದ ಅಗತ್ಯವೇ ಇಲ್ಲ. ಗೊಬ್ಬರದ ಚೀಲವನ್ನು ತಿಂಡಿ ಚೀಲದ ಪಕ್ಕ ಇಡುವುದೂ ಬೇಡ.

ಮದುವೆ ಮನೆಯ ಅನ್ನಕ್ಕೆ ಪ್ರತಿ ವರ್ಷ ಕುರಿ, ಮೇಕೆ ಸಾಯುತ್ತವೆ. ಬೆಂದ ಅನ್ನ ಹೊಟ್ಟೆಯಲ್ಲಿ ಕ್ಷಣದಲ್ಲಿ ಹುಳಿಯಾಗುತ್ತದೆ. ಜೋಳದ ರಾಶಿಗೆ ಬಾಯಿ ಹಾಕಿದರೂ ಇದೇ ಆಗುತ್ತದೆ, ಆದ್ದರಿಂದ ಜೋಳ ಇಟ್ಟ ಕೋಣೆಗೆ ಚಿಲಕ ಭದ್ರ ಇರಲಿ. ಹಾಗೆ ಆಗಿಯೇ ಬಿಟ್ಟರೆ ದೇಹದ ತೂಕದ ಪ್ರತಿ ಕೆಜಿಗೆ ಒಂದು ಗ್ರಾಂನಂತೆ ಅಡುಗೆ ಸೋಡಾ ನೀರಿನಲ್ಲಿ ಕರಗಿಸಿ, ನಿಧಾನವಾಗಿ, ಕತ್ತು ತುಂಬಾ ಮೇಲೆತ್ತದೆ ಕುಡಿಸಿ, ತಕ್ಷಣ ವೈದ್ಯರನ್ನು ಕರೆಸಿ. ಸೋಡಾ ಹೀಗೆ ತುರ್ತಿಗೆ ಮಾತ್ರ, ದಿನದ ತಿಂಡಿಗೆ ಅಲ್ಲ.

ಕೊನೆಗೆ, ಹೊಸ ತಿಂಡಿ ಶುರು ಮಾಡುವ ಮೊದಲು ಇಟಿ ಲಸಿಕೆ ಆಗಿದೆಯಾ ನೋಡಿ, ಕರುಳು ಬೇನೆ ಅಂತ ಕರೆಯುತ್ತೀರಲ್ಲ ಅದಕ್ಕೆ. ತಿಂಡಿ ಏರಿಸಿದಾಗ ಕರುಳಿನಲ್ಲಿರುವ ಆ ರೋಗಾಣು ಹೆಚ್ಚಿ ವಿಷ ಬಿಡುತ್ತದೆ, ಚೆನ್ನಾಗಿ ತಿನ್ನುವ ಕೊಬ್ಬಿದ ಮರಿಯೇ ರಾತ್ರಿ ಕಳೆದು ಬೆಳಗಾಗುವುದರಲ್ಲಿ ಸಾಯುತ್ತದೆ. ಸಂತೆಯಿಂದ ತಂದ ಮರಿಗೆ ಹಿಂದೆ ಏನು ಹಾಕಿದ್ದಾರೆ ಗೊತ್ತಿರುವುದಿಲ್ಲ, ಹಾಕಿಲ್ಲ ಅಂತಲೇ ತಿಳಿದುಕೊಳ್ಳಿ. ಒಂದು ಡೋಸ್, ಎರಡು ಮೂರು ವಾರ ಬಿಟ್ಟು ಇನ್ನೊಂದು. ಪಿಪಿಆರ್ ಅಂತ ಕುರಿ-ಮೇಕೆಗೆ ಬರುವ ಅಂಟುರೋಗ ಇದೆ, ಅದರ ಲಸಿಕೆಯನ್ನೂ ಕೇಳಿ ಹಾಕಿಸಿ. ಜಂತು ಔಷಧಿಗೆ ಮೊದಲು ನಾಲ್ಕೈದು ಮರಿಯ ಹಿಕ್ಕೆ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ, ಯಾವ ಹುಳ ಇದೆ ಅಂತ ಗೊತ್ತಾದರೆ ಅದಕ್ಕೆ ತಕ್ಕ ಔಷಧಿ ಕೊಡಬಹುದು. ಮೂತ್ರ ಕಟ್ಟಿದ್ದ ಆ ಎರಡು ಮರಿಗೆ ಮಾತ್ರ ಹತ್ತು ಹನ್ನೆರಡು ದಿನ ತಿಂಡಿ ಬೇಡ, ಸೊಪ್ಪು, ನೀರು ಸಾಕು. ಆಮೇಲೆ ಉಳಿದವುಗಳ ಹಾಗೆ 50 ಗ್ರಾಂನಿಂದ ಶುರು ಮಾಡಿ.